ಬಾಗಿಲು ತೆರೆದ ಮನೆ: ಚಿಕಾಗೋದ ದುಜಿಕ್ ಕುಟುಂಬದ ಕಥೆ

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಸರ್ಕಾರಿ ದಾಖಲೆಗಳಲ್ಲಿ ಪೋಲಿಷ್ ಕುಟುಂಬವೊಂದರ ಮೂಲವನ್ನು ಹುಡುಕಹೊರಟವರಿಗೆ ಮೊದಲಿಗೇ ಒಂದು ತೊಡಕು ಎದುರಾಗುತ್ತದೆ. ಹುಟ್ಟಿದ ದೇಶ ಯಾವುದು ಎಂಬ ಪ್ರಶ್ನೆಯ ಎದುರು ಒಬ್ಬರಿಗೆ ‘ಪ್ರಷ್ಯ’ ಎಂದಿರುತ್ತದೆ, ಇನ್ನೊಬ್ಬರಿಗೆ ‘ರಷ್ಯ’, ಮತ್ತೊಬ್ಬರಿಗೆ ‘ಆಸ್ಟ್ರಿಯ’. ಮೂವರೂ ಮನೆಯಲ್ಲಿ ಆಡುತ್ತಿದ್ದುದು ಒಂದೇ ಭಾಷೆ, ಮಂಡಿಯೂರಿ ಹೇಳುತ್ತಿದ್ದುದು ಒಂದೇ ಜಪ. ಆದರೆ ಅವರ ದೇಶ ಮಾತ್ರ ಭೂಪಟದಲ್ಲಿ ಇರಲಿಲ್ಲ. 1772, 1793 ಮತ್ತು 1795ರಲ್ಲಿ ಮೂರು ಬಾರಿ ನೆರೆಯ ಮೂರು ಸಾಮ್ರಾಜ್ಯಗಳು ಪೋಲೆಂಡನ್ನು ತುಂಡು ತುಂಡಾಗಿ ಹಂಚಿಕೊಂಡಿದ್ದವು. ಮುಂದೆ 123 ವರ್ಷಗಳ ಕಾಲ ಪೋಲೆಂಡ್ ಎಂಬುದು ಜನರ ನೆನಪಿನಲ್ಲಿ, ಭಾಷೆಯಲ್ಲಿ ಮತ್ತು ದೇವಾಲಯದಲ್ಲಿ ಮಾತ್ರ ಬದುಕಿತ್ತು.

ಹೀಗಾಗಿ ವಂಶದ ಕಥೆ ತಿಳಿಯಬಯಸುವವರು ಕೊನೆಗೆ ಬಂದು ತಲಪುವುದು ಧರ್ಮಕೇಂದ್ರದ ಹಳೆಯ ಪುಸ್ತಕಗಳಿಗೆ. ಜ್ಞಾನಸ್ನಾನ, ಮದುವೆ, ಮರಣ ಈ ಮೂರಕ್ಕೂ ಗುರುಗಳು ಬರೆದಿಟ್ಟ ಸಾಲುಗಳಲ್ಲಿ ತಂದೆಯ ಹೆಸರು, ತಾಯಿಯ ತವರಿನ ಹೆಸರು, ಎಷ್ಟೋ ವೇಳೆ ಹಳ್ಳಿಯ ಹೆಸರೂ ಉಳಿದುಬಂದಿರುತ್ತದೆ. ಚಕ್ರವರ್ತಿಗಳು ಅಳಿಸಿದ್ದನ್ನು ಬಡ ಹಳ್ಳಿಯ ಪಾದ್ರಿಯೊಬ್ಬನ ಲೇಖನಿ ಕಾಪಾಡಿತೆಂದರೆ ಅತಿಶಯೋಕ್ತಿಯಲ್ಲ.

ಅಂಥ ಕುಟುಂಬಗಳಲ್ಲಿ ಒಂದರ ಕಥೆಯನ್ನು ಈ ವಾರ ಓದುಗರ ಮುಂದಿಡುತ್ತಿದ್ದೇವೆ. ಇವರು ಹಣವಂತರಲ್ಲ, ಭೂಮಾಲೀಕರಲ್ಲ, ಪದವೀಧರರೂ ಅಲ್ಲ. ಮನೆತನದ ಹೆಸರು ದುಜಿಕ್. ತಂದೆ ಯಾನ್, ತಾಯಿ ಆಗ್ನೆಸ್. ತಾಯಿಯ ತವರಿನ ಹೆಸರು ಪೊಲಾಷ್ಚಿಕ್. ಪಶ್ಚಿಮ ಪ್ರಷ್ಯಕ್ಕೆ ಸೇರಿದ್ದ ಕಾಮ್ಯೆನ್ ಪಟ್ಟಣದ ಸಮೀಪ ಪ್ವೊಚಿಚ್ ಎಂಬ ಹಳ್ಳಿ ಅವರ ಊರು. ಅಲ್ಲಿ 1860ರ ಆಗಸ್ಟ್ 30ರಂದು ಅವರ ಆರು ಮಕ್ಕಳಲ್ಲಿ ಮೂರನೆಯವಳಾಗಿ ಹುಟ್ಟಿದ ಹೆಣ್ಣುಮಗುವಿಗೆ ಯುಜೆಫಾ ಎಂದು ಹೆಸರಿಟ್ಟರು. ಅಮೆರಿಕಕ್ಕೆ ಹೋದ ಮೇಲೆ ಜನ ಅವರನ್ನು ಜೋಸೆಫೀನ್ ಎಂದು ಕರೆದರು.

ಮಾತೃಭಾಷೆಗೆ ಬಿದ್ದ ಬೀಗ

ಜೋಸೆಫೀನ್ ಹನ್ನೆರಡರ ಹುಡುಗಿಯಾಗಿದ್ದಾಗ ಜರ್ಮನಿಯ ಪ್ರಧಾನಿ ಬಿಸ್ಮಾರ್ಕ್ ಕಥೋಲಿಕ ಧರ್ಮಸಭೆಯ ವಿರುದ್ಧ ತನ್ನ ಕುಪ್ರಸಿದ್ಧ ಹೋರಾಟವನ್ನು ಆರಂಭಿಸಿದ್ದನು. 1873ರ ಮೇ ತಿಂಗಳಿನ ಕಾನೂನುಗಳು ಗುರುಗಳ ಶಿಕ್ಷಣ, ನೇಮಕ ಎಲ್ಲವನ್ನೂ ಸರ್ಕಾರದ ಅಂಕೆಗೆ ತಂದವು. ಒಪ್ಪದ ಗುರುಗಳಿಗೆ ದಂಡ, ಸೆರೆಮನೆ, ಗಡೀಪಾರು. ನೆರೆಯ ಪೊಜ್ನಾನಿನ ಮಹಾಧರ್ಮಾಧ್ಯಕ್ಷರಾದ ಲೆದುಖೋವ್ಸ್ಕಿಯವರನ್ನು 1874ರಲ್ಲಿ ಸೆರೆಯಲ್ಲಿಟ್ಟರು. ಅವರು ಸೆರೆಮನೆಯಲ್ಲಿದ್ದಾಗಲೇ, 1875ರಲ್ಲಿ, ಒಂಬತ್ತನೆಯ ಭಕ್ತಿನಾಥ ಜಗದ್ಗುರುಗಳು ಅವರನ್ನು ಕಾರ್ಡಿನಲ್ ಪದವಿಗೇರಿಸಿದರು.

ಜರ್ಮನ್ ಕಥೋಲಿಕರಿಗೂ ಈ ಕಷ್ಟ ತಪ್ಪಿರಲಿಲ್ಲ. ಆದರೆ ಪೋಲಿಷರ ಪಾಲಿಗೆ ಇದು ಇಮ್ಮಡಿ ಪೆಟ್ಟು. ಅವರ ಧರ್ಮದೊಂದಿಗೆ ಅವರ ಮಾತೂ ಗುರಿಯಾಯಿತು. ಶಾಲೆಗಳಲ್ಲಿ ಜರ್ಮನ್ ಭಾಷೆಯೇ ಬೋಧನೆಯ ಭಾಷೆಯಾಯಿತು. ಕೊನೆಗೆ ಧರ್ಮೋಪದೇಶವನ್ನೂ ಆ ಭಾಷೆಯಲ್ಲೇ ಹೇಳಿಕೊಡುವ ಒತ್ತಾಯ ಬಂದಾಗ, 1901ರಲ್ಲಿ ವ್ಜೆಷ್ನ್ಯಾ ಎಂಬ ಊರಿನ ಶಾಲೆಯ ಎಳೆಯ ಮಕ್ಕಳು ಜರ್ಮನಿನಲ್ಲಿ ಉತ್ತರಿಸಲು ನಿರಾಕರಿಸಿ ಏಟು ತಿಂದ ಸಂಗತಿ ಯೂರೋಪಿನಾದ್ಯಂತ ಸುದ್ದಿಯಾಯಿತು. ಮಕ್ಕಳ ಪರವಾಗಿ ನಿಂತ ತಂದೆತಾಯಿಗಳು ಸೆರೆಮನೆ ಕಂಡರು. ದುಜಿಕ್ ಕುಟುಂಬ ಆ ವೇಳೆಗೆ ಊರು ಬಿಟ್ಟು ಇಪ್ಪತ್ತು ವರ್ಷಗಳಾಗಿದ್ದವು. ಆದರೆ ಎಂಥ ಗಾಳಿಯಲ್ಲಿ ಅವರ ಮಕ್ಕಳು ಬೆಳೆದರೆಂಬುದನ್ನು ಈ ಒಂದು ಪ್ರಸಂಗ ಸಾರುತ್ತದೆ.

ಊರು ಬಿಡಲು ಇನ್ನೊಂದು, ಬಹುಶಃ ಹೆಚ್ಚು ಬಲವಾದ ಕಾರಣವೂ ಇತ್ತು. ಅದು ಹೊಟ್ಟೆ. ತುಂಡು ತುಂಡಾಗುತ್ತ ಬಂದ ಜಮೀನು, ದೊಡ್ಡ ಜಮೀನ್ದಾರರ ಕೈಕೆಳಗಿನ ದಿನಗೂಲಿ, ಮನೆ ತುಂಬ ಮಕ್ಕಳು. ಹೀಗೆ ಹೊರಟವರನ್ನು ಪೋಲಿಷ್ ಭಾಷೆಯಲ್ಲಿ ‘ರೊಟ್ಟಿಯ ಬೆನ್ನು ಹತ್ತಿ ಹೋದವರು’ ಎನ್ನುತ್ತಾರೆ. ‘ಕ್ವೊ ವಾದಿಸ್’ ಕಾದಂಬರಿಯ ಕರ್ತೃ, 1905ರ ನೊಬೆಲ್ ಪುರಸ್ಕೃತ ಹೆನ್ರಿಕ್ ಸಿಯೆಂಕಿಯೆವಿಚ್ ಅದೇ ಹೆಸರಿನ ಕಿರುಕಾದಂಬರಿಯನ್ನು 1880ರಲ್ಲಿ ಬರೆದರು. ಅಮೆರಿಕಕ್ಕೆ ಹೊರಟ ತಂದೆ-ಮಗಳ ದುರಂತ ಕಥೆ ಅದು. ಅಮೆರಿಕವನ್ನು ಸ್ವತಃ ಸುತ್ತಿ ನೋಡಿ ಬಂದಿದ್ದ ಲೇಖಕರು ತಮ್ಮ ಜನರಿಗೆ ಎಚ್ಚರಿಕೆ ಹೇಳಬಯಸಿದ್ದರು. ಎಚ್ಚರಿಕೆಯನ್ನು ಕೇಳುವ ಸ್ಥಿತಿಯಲ್ಲಿ ಜನರಿರಲಿಲ್ಲ.

1881ರ ಪ್ರಯಾಣ

ದುಜಿಕ್ ಕುಟುಂಬ ಅಮೆರಿಕ ತಲಪಿದ್ದು ಮರುವರ್ಷ, 1881ರಲ್ಲಿ. ಜೋಸೆಫೀನ್ ಅವರಿಗೆ ಆಗ ಇಪ್ಪತ್ತು ದಾಟಿತ್ತು. ಪ್ರಷ್ಯದ ಪೋಲಿಷರು ಆ ಕಾಲದಲ್ಲಿ ಸಾಮಾನ್ಯವಾಗಿ ಬ್ರೆಮೆನ್ ಅಥವಾ ಹ್ಯಾಂಬರ್ಗ್ ಬಂದರಿನಲ್ಲಿ ಹಡಗು ಹತ್ತುತ್ತಿದ್ದರು. ಬಡವರಿಗೆ ದೊರೆಯುತ್ತಿದ್ದುದು ಹಡಗಿನ ಕೆಳ ಅಂತಸ್ತು. ಗಾಳಿ ಬೆಳಕು ಅಷ್ಟಕ್ಕಷ್ಟೇ. ಒಂದರ ಮೇಲೊಂದು ಹಲಗೆ ಮಂಚಗಳು, ಸುತ್ತ ಅಪರಿಚಿತರ ಕೆಮ್ಮು ನರಳಾಟ. ಉಗಿಹಡಗು ಬಂದ ಮೇಲೆ ಪ್ರಯಾಣ ಎರಡು ವಾರಗಳಿಗೆ ಇಳಿದಿತ್ತೆಂಬುದೇ ಸಮಾಧಾನ. ಎಲ್ಲಿಸ್ ದ್ವೀಪದ ಹೆಸರನ್ನು ಅನೇಕರು ಕೇಳಿರಬಹುದು. ಆದರೆ ಆ ಕೇಂದ್ರ ತೆರೆದದ್ದು 1892ರಲ್ಲಿ. ಅದಕ್ಕೂ ಮೊದಲು ನ್ಯೂಯಾರ್ಕಿನಲ್ಲಿ ಇಳಿದವರು ದಾಟಿ ಹೋಗುತ್ತಿದ್ದುದು ಕ್ಯಾಸಲ್ ಗಾರ್ಡನ್ ಎಂಬ ಹಳೆಯ ಕೋಟೆಯ ಮೂಲಕ.

ಎಲ್ಲಿಸ್ ದ್ವೀಪದ ಗುಮಾಸ್ತರು ವಲಸೆಗಾರರ ಹೆಸರುಗಳನ್ನು ಮನಬಂದಂತೆ ಬದಲಿಸಿದರೆಂಬ ಒಂದು ಮಾತು ಅಮೆರಿಕದಲ್ಲಿ ಮನೆಮನೆಯಲ್ಲೂ ಇದೆ. ಅದು ನಿಜವಲ್ಲ. ಪ್ರಯಾಣಿಕರ ಪಟ್ಟಿಯನ್ನು ಬರೆಯುತ್ತಿದ್ದವರು ಹಡಗು ಕಂಪನಿಯವರು, ಅದೂ ಹಡಗು ಹೊರಡುವ ಮೊದಲೇ. ಹೆಸರುಗಳು ಬದಲಾದದ್ದು ನಂತರ, ಶಾಲೆಯಲ್ಲಿ, ಕಾರ್ಖಾನೆಯಲ್ಲಿ, ಕೆಲವೊಮ್ಮೆ ಅವರದೇ ಇಚ್ಛೆಯಿಂದ. ಪೋಲಿಷ್ ಹೆಂಗಸರ ಹೆಸರುಗಳಿಗೆ ಮಾತ್ರ ಒಂದು ವಿಶೇಷ ನಷ್ಟವಾಯಿತು. ಅವರ ಭಾಷೆಯಲ್ಲಿ ತಂದೆಯ ಮನೆತನ ‘ವಿಸಿನ್ಸ್ಕಿ’ ಎಂದಿದ್ದರೆ ಮಗಳದು ‘ವಿಸಿನ್ಸ್ಕಾ’ ಆಗುತ್ತದೆ. ಅಮೆರಿಕದಲ್ಲಿ ಈ ಭೇದ ಬಹುಮಟ್ಟಿಗೆ ಅಳಿದುಹೋಯಿತು. ನಮ್ಮ ಕಥೆಯಲ್ಲಿ ಮುಂದೆ ಬರುವ ರೊಜಾಲಿಯಾ ವಿಸಿನ್ಸ್ಕಾ ಎಂಬವರು ಇಂಗ್ಲಿಷ್ ಬರಹಗಳಲ್ಲಿ ‘ರೊಸಾಲಿ ವಿಸಿನ್ಸ್ಕಿ’ಯಾಗಿ ಉಳಿದಿರುವುದು ಹೀಗೆ.

ಒಂದು ಧರ್ಮಕೇಂದ್ರವೇ ಒಂದು ಊರು

1871ರ ಮಹಾ ಅಗ್ನಿ ಅನಾಹುತದಲ್ಲಿ ಸುಟ್ಟು ಬೂದಿಯಾಗಿದ್ದ ಚಿಕಾಗೋ ನಗರ ಹತ್ತೇ ವರ್ಷಗಳಲ್ಲಿ ಮತ್ತೆ ಎದ್ದು ನಿಂತಿತ್ತು. ಕಸಾಯಿಖಾನೆ, ಉಕ್ಕಿನ ಕಾರ್ಖಾನೆ, ಚರ್ಮ ಹದಮಾಡುವ ಕೇಂದ್ರ, ಸಿದ್ಧ ಉಡುಪಿನ ಅಂಗಡಿ ಎಲ್ಲಕ್ಕೂ ಕೈಗಳು ಬೇಕಾಗಿದ್ದವು. 1890ರ ಹೊತ್ತಿಗೆ ನಗರದ ಜನಸಂಖ್ಯೆ ಹತ್ತು ಲಕ್ಷವನ್ನು ದಾಟಿತು.

ಪೋಲಿಷ್ ವಲಸೆಗಾರರ ಹೃದಯಸ್ಥಾನವೆಂದರೆ ನಗರದ ವಾಯವ್ಯ ಭಾಗದಲ್ಲಿದ್ದ ಸಂತ ಸ್ಟಾನಿಸ್ಲಾವುಸ್ ಕೊಸ್ತ್ಕಾ ಧರ್ಮಕೇಂದ್ರ. 1867ರಲ್ಲಿ ಸ್ಥಾಪನೆಯಾದ ಈ ಧರ್ಮಕೇಂದ್ರ ಶತಮಾನ ಮುಗಿಯುವ ವೇಳೆಗೆ ಸುಮಾರು ನಲವತ್ತು ಸಾವಿರ ಸದಸ್ಯರನ್ನು ಹೊಂದಿ ಅಮೆರಿಕದಲ್ಲೇ ಅತ್ಯಂತ ದೊಡ್ಡದೆಂದು ಹೆಸರಾಯಿತು. 1874ರಿಂದ 1899ರಲ್ಲಿ ಮರಣ ಹೊಂದುವವರೆಗೆ ಇದರ ಗುರುಗಳಾಗಿದ್ದವರು ಪುನರುತ್ಥಾನ ಸಭೆಯ ಫಾದರ್ ವಿನ್ಸೆಂಟ್ ಬಾರ್ಜಿನ್ಸ್ಕಿ. ಶಾಲೆ, ಪತ್ರಿಕೆ, ಸಂಘ-ಸಂಸ್ಥೆಗಳು, ಉಳಿತಾಯದ ಹಣವನ್ನು ಇಡಲು ಧರ್ಮಕೇಂದ್ರದ್ದೇ ಒಂದು ಬ್ಯಾಂಕು, ಹೀಗೆ ಹುಟ್ಟಿನಿಂದ ಸಾವಿನವರೆಗೆ ಬೇಕಾದ ಸಕಲವನ್ನೂ ಅವರು ಅಲ್ಲಿ ಕಟ್ಟಿದರು. ಅವರದು ಬಿಗಿಯಾದ ಕೈ. ಅವರನ್ನು ಪೂಜಿಸಿದವರಂತೆ ಅವರ ಹಿಡಿತವನ್ನು ಸಹಿಸದವರೂ ಇದ್ದರು. ಕೂಗಳತೆಯ ದೂರದಲ್ಲಿ ಕಟ್ಟಲಾದ ಪವಿತ್ರ ತ್ರಿತ್ವದ ದೇವಾಲಯ ಈ ಒಳಜಗಳದ ಕಾರಣ ಹಲವು ವರ್ಷ ಬಾಗಿಲು ಮುಚ್ಚಿಕೊಂಡಿತ್ತು. ನೆಲ ಕಳೆದುಕೊಂಡ ಜನ ದೇವಾಲಯದ ಆಡಳಿತದ ಬಗ್ಗೆ ಇಷ್ಟು ತೀವ್ರವಾಗಿ ಕಾದಾಡಿದ್ದು ಅಚ್ಚರಿಯೇನಲ್ಲ. ತಮ್ಮದು ಎಂದು ಹೇಳಿಕೊಳ್ಳಲು ಅವರಿಗೆ ಬೇರೆ ಏನಿತ್ತು?

ದುಜಿಕ್ ಕುಟುಂಬ ನೆಲೆಗೊಂಡದ್ದು ಈ ಧರ್ಮಕೇಂದ್ರದ ಮಡಿಲಲ್ಲಿ. ಜೋಸೆಫೀನ್ ಹೊಲಿಗೆಯ ಕೆಲಸ ಹಿಡಿದರು. ದಿನವೆಲ್ಲ ಸೂಜಿ-ದಾರ, ಬಿಡುವು ಸಿಕ್ಕಾಗ ಸಂತ ಫ್ರಾನ್ಸಿಸರ ಮೂರನೆಯ ಸಭೆಯ ಸದಸ್ಯೆಯಾಗಿ ಪ್ರಾರ್ಥನೆ ಮತ್ತು ಸೇವೆ. ಕನ್ಯಾಸ್ತ್ರೀಯಾಗಬೇಕೆಂಬ ಹಂಬಲವೂ ಅವರೊಳಗಿತ್ತು. ಆದರೆ 1889ರಲ್ಲಿ ತಂದೆ ತೀರಿಕೊಂಡರು. ತಾಯಿಯನ್ನು ನೋಡಿಕೊಳ್ಳುವ ಹೊಣೆ ಜೋಸೆಫೀನ್ ಅವರ ಹೆಗಲಿಗೆ ಬಂತು. ಮಠದ ಮಾತು ಅಲ್ಲಿಗೆ ನಿಂತಿತು.

ಹೊಲಿಗೆಯ ಸಂಪಾದನೆಯಿಂದ ಇಬ್ಬರ ಜೀವನಕ್ಕೆ ತೊಂದರೆಯಿರಲಿಲ್ಲ. ವಲಸೆ ಬಂದ ಎಂಟು ಹತ್ತು ವರ್ಷಗಳಲ್ಲಿ ತಲೆಯ ಮೇಲೊಂದು ಸೂರು, ಒಲೆಯ ಮೇಲೊಂದು ಪಾತ್ರೆ, ಯಾರ ಹಂಗಿಲ್ಲದ ಬದುಕು. ಎಷ್ಟೋ ಕುಟುಂಬಗಳ ಚರಿತ್ರೆ ಇಲ್ಲಿಗೆ ಸುಖವಾಗಿ ಮುಗಿಯುತ್ತದೆ. ಇವರದು ಮುಗಿಯಲಿಲ್ಲ.

ತಾಯಿ, ಮಗಳು ಮತ್ತು ಬಾಗಿಲ ಬಳಿ ನಿಂತವರು

1893ರಲ್ಲಿ ಚಿಕಾಗೋದಲ್ಲಿ ಒಂದು ವಿಶ್ವ ಪ್ರದರ್ಶನ ನಡೆಯಿತು. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ಅದರ ಅಂಗವಾಗಿಯೇ ನಡೆದದ್ದು. ಲಕ್ಷ ಲಕ್ಷ ಜನ ವಿದ್ಯುದ್ದೀಪಗಳ ಬೆಳಕನ್ನು ಕಂಡು ಬೆರಗಾದ ಅದೇ ವರ್ಷ ಅಮೆರಿಕದ ಬ್ಯಾಂಕುಗಳು ಒಂದರ ಹಿಂದೊಂದು ಉರುಳಿ, ಕಾರ್ಖಾನೆಗಳು ಮುಚ್ಚಿ, ಲಕ್ಷಾಂತರ ಕಾರ್ಮಿಕರು ಬೀದಿಪಾಲಾದರು. ಪ್ರದರ್ಶನದ ದೀಪಗಳು ಆರಿದ ಮೇಲೆ ಬಂದ ಚಳಿಗಾಲದಲ್ಲಿ ನಗರದ ಬೀದಿಗಳಲ್ಲಿ ಆಸರೆಯಿಲ್ಲದವರು ತುಂಬಿಹೋದರು.

ಮೊದಲು ಬಲಿಯಾದವರು ವಯಸ್ಸಾದ ವಲಸೆಗಾರರು, ಅದರಲ್ಲೂ ಒಂಟಿ ಹೆಂಗಸರು. ಊರಿನಲ್ಲಾದರೆ ಅಣ್ಣತಮ್ಮಂದಿರ ಮನೆಯ ಮೂಲೆಯಲ್ಲಿ ಒಂದು ಚಾಪೆಯಷ್ಟು ಜಾಗ ಸಿಕ್ಕೀತು. ಇಲ್ಲಿ ಗಂಡ ಕಾರ್ಖಾನೆಯಲ್ಲಿ ಸತ್ತರೆ, ಮಗ ಕೆಲಸ ಹುಡುಕುತ್ತ ಬೇರೆ ರಾಜ್ಯಕ್ಕೆ ಹೋದರೆ, ಇಂಗ್ಲಿಷ್ ಬಾರದ ಮುದುಕಿಗೆ ಉಳಿಯುತ್ತಿದ್ದುದು ಸರ್ಕಾರದ ಬಡವರ ಮನೆ. ತನ್ನ ಭಾಷೆಯಲ್ಲಿ ಪಾಪನಿವೇದನೆ ಮಾಡಲೂ ಆಗದ ಸ್ಥಳದಲ್ಲಿ ಸಾಯುವ ಭಯ ಅವರನ್ನು ಹಸಿವಿಗಿಂತ ಹೆಚ್ಚಾಗಿ ಕಾಡಿದ್ದಿರಬೇಕು.

ಜೋಸೆಫೀನ್ ಅಂಥವರನ್ನು ಮನೆಗೆ ಕರೆತರತೊಡಗಿದರು. ಸ್ವಂತ ಮನೆಗೆ, ತಾಯಿ ಮಗಳು ಇಬ್ಬರೇ ಇದ್ದ ಇಕ್ಕಟ್ಟಾದ ವಾಸಕ್ಕೆ. ಅವರಿಗೆ ಊಟ, ಹಾಸಿಗೆ, ಕಾಯಿಲೆ ಬಿದ್ದರೆ ಶುಶ್ರೂಷೆ. ಖರ್ಚೆಲ್ಲ ಹೊಲಿಗೆಯ ದುಡ್ಡಿನಲ್ಲಿ.

ತಾಯಿ ಆಗ್ನೆಸ್‌ಗೆ ಇದು ಹಿಡಿಸಲಿಲ್ಲ. ಸಂತರ ಚರಿತ್ರೆಗಳನ್ನು ಬರೆಯುವವರು ಇಂಥ ಕಡೆ ತಾಯಿಯನ್ನು ಒಂದೇ ವಾಕ್ಯದಲ್ಲಿ ದಾಟಿ ಮುಂದೆ ಹೋಗುವುದು ವಾಡಿಕೆ. ನಾವು ಸ್ವಲ್ಪ ನಿಲ್ಲೋಣ. ಹುಟ್ಟಿದ ಊರು, ಹೊಲ, ಬಂಧುಗಳ ಸಮಾಧಿಗಳು ಎಲ್ಲವನ್ನೂ ಬಿಟ್ಟು ಸಾಗರ ದಾಟಿದವಳು. ಹೊಸ ನೆಲದಲ್ಲಿ ಎಂಟೇ ವರ್ಷಕ್ಕೆ ಗಂಡನನ್ನು ಮಣ್ಣು ಮಾಡಿದವಳು. ಕೊನೆಗಾಲಕ್ಕೆ ಮಗಳ ನೆರಳಿನಲ್ಲಿ ನೆಮ್ಮದಿಯಾಗಿ ಜಪಸರ ಹಿಡಿದು ಕೂರಬೇಕೆಂದು ಬಯಸಿದರೆ ಅದು ತಪ್ಪೇ? ಬೆಳಿಗ್ಗೆ ಎದ್ದರೆ ಅಡಿಗೆಮನೆಯಲ್ಲಿ ಯಾರೋ ಅಪರಿಚಿತೆ, ರಾತ್ರಿ ಮಲಗಿದರೆ ಪಕ್ಕದಲ್ಲಿ ಯಾರದೋ ನರಳಾಟ. ಬಡತನದ ಇನ್ನೊಂದು ಹೆಸರು ಇಕ್ಕಟ್ಟು. ಅದನ್ನು ಹಡಗಿನ ಕೆಳ ಅಂತಸ್ತಿನಲ್ಲೇ ಬಿಟ್ಟುಬಂದೆನೆಂದು ಆ ತಾಯಿ ಭಾವಿಸಿದ್ದಿರಬಹುದು. ಮಗಳು ಅದನ್ನು ಮತ್ತೆ ಮನೆಯೊಳಗೇ ಕರೆತಂದಿದ್ದಳು.

ಮಗಳ ಪಕ್ಷ ಏನೆಂಬುದು ಅವರೇ ಬರೆದಿಟ್ಟ ವೃತ್ತಾಂತದಿಂದ ತಿಳಿಯುತ್ತದೆ. ತನ್ನ ಮತ್ತು ತನ್ನ ತಾಯಿಯ ಹಿತವನ್ನಷ್ಟೇ ನೋಡಿಕೊಂಡು, ಯಾವ ಅನನುಕೂಲವನ್ನೂ ಸೋಕಿಸಿಕೊಳ್ಳದೆ ಸುಖವಾಗಿದ್ದರೆ ತಾನು ಯೇಸುವನ್ನು ಪ್ರೀತಿಸುವುದಾಗಲಿ ಸ್ವರ್ಗವನ್ನು ನಿರೀಕ್ಷಿಸುವುದಾಗಲಿ ಸಾಧ್ಯವಿಲ್ಲವೆಂದು ಅವರಿಗೆ ಅನಿಸುತ್ತಿತ್ತು. ‘ನನ್ನ ಮತ್ತು ನನ್ನ ತಾಯಿಯ’ ಎಂಬ ಮಾತನ್ನು ಗಮನಿಸಬೇಕು. ತನ್ನೊಬ್ಬಳ ಸುಖವನ್ನು ತ್ಯಜಿಸುವುದು ಸುಲಭ. ತಾಯಿಯ ಸುಖವನ್ನೂ ಅದರೊಂದಿಗೆ ತೆತ್ತಾಗ ಬರುವ ಸಂಕಟವನ್ನು ತಾಯಿಯ ಜೊತೆಯಲ್ಲಿ ಬಾಳಿದವರೇ ಬಲ್ಲರು. ಕುಟುಂಬದ ಒಡಲಿಗೂ ಪರರ ಹಸಿವಿಗೂ ನಡುವಿನ ಈ ಎಳೆದಾಟವೇ ದುಜಿಕ್ ಮನೆತನದ ನಿಜವಾದ ಚರಿತ್ರೆ ಎಂದು ಈ ಲೇಖಕನಿಗೆ ತೋರುತ್ತದೆ.

ಖಾಲಿ ಬಿಟ್ಟ ಒಂದು ಆಸನ

ಇಲ್ಲಿ ಪೋಲಿಷ್ ಮನೆಗಳ ಒಂದು ಆಚರಣೆಯನ್ನು ನೆನೆಯದಿರಲಾಗದು. ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟವನ್ನು ಅವರು ‘ವಿಗಿಲಿಯಾ’ ಎನ್ನುತ್ತಾರೆ. ಆಕಾಶದಲ್ಲಿ ಮೊದಲ ನಕ್ಷತ್ರ ಕಾಣಿಸಿಕೊಂಡ ಮೇಲೆಯೇ ಊಟ. ಮೇಜಿನ ಬಟ್ಟೆಯ ಕೆಳಗೆ ಗೋದಲಿಯ ನೆನಪಿಗೆ ಒಂದಿಷ್ಟು ಒಣಹುಲ್ಲು. ಮಾಂಸವಿಲ್ಲದ ಅಡಿಗೆ. ಊಟಕ್ಕೆ ಮೊದಲು ಯೇಸುಜನನದ ಚಿತ್ರವನ್ನು ಅಚ್ಚೊತ್ತಿದ ‘ಒಪ್ವಾತೆಕ್’ ಎಂಬ ತೆಳುವಾದ ಗೋಧಿಯ ಬಿಲ್ಲೆಯನ್ನು ಮನೆಮಂದಿಯೆಲ್ಲ ಒಬ್ಬರಿಂದೊಬ್ಬರು ಮುರಿದು ತಿಂದು, ವರ್ಷದ ಮನಸ್ತಾಪಗಳನ್ನು ಕ್ಷಮಿಸಿ, ಶುಭ ಹಾರೈಸುತ್ತಾರೆ. ಅಮೆರಿಕದಲ್ಲಿದ್ದ ಮಕ್ಕಳಿಗೆ ಊರಿನ ತಾಯಂದಿರು ಆ ಬಿಲ್ಲೆಯನ್ನು ಅಂಚೆಯ ಲಕೋಟೆಯಲ್ಲಿಟ್ಟು ಕಳುಹಿಸುತ್ತಿದ್ದರು.

ಆ ಮೇಜಿನಲ್ಲಿ ಒಂದು ಆಸನವನ್ನೂ ಒಂದು ತಟ್ಟೆಯನ್ನೂ ಖಾಲಿ ಬಿಡುವುದು ಪದ್ಧತಿ. ಅದು ಕರೆಯದೆ ಬರುವ ಅತಿಥಿಗಾಗಿ. ಮನೆಗೆ ಅತಿಥಿ ಬಂದರೆ ದೇವರೇ ಬಂದಂತೆ ಎಂಬ ಗಾದೆ ಅವರಲ್ಲಿಯೂ ಇದೆ. ಬಹುತೇಕ ಮನೆಗಳಲ್ಲಿ ಆ ಆಸನ ಖಾಲಿಯಾಗಿಯೇ ಉಳಿದು ಊಟ ಮುಗಿಯುತ್ತದೆ. ದುಜಿಕ್ ಮನೆಯಲ್ಲಿ ವರ್ಷದ ಎಲ್ಲ ದಿನಗಳಲ್ಲೂ ಆ ಆಸನಕ್ಕೆ ಜನ ಬರತೊಡಗಿದ್ದರು.

ಬಟ್ಟೆ ಒಗೆದು ಕಟ್ಟಿದ ಆಶ್ರಮ

ಒಂದು ಮನೆಯಿಂದ ಆಗುವ ಕೆಲಸ ಇದಲ್ಲವೆಂದು ಜೋಸೆಫೀನ್‌ಗೆ ಬೇಗನೆ ಅರಿವಾಯಿತು. ಮೂರನೆಯ ಸಭೆಯ ಗೆಳತಿ ರೊಜಾಲಿಯಾ ವಿಸಿನ್ಸ್ಕಾ ಅವರೊಡನೆ ಸಮಾಲೋಚಿಸಿ, ಫಾದರ್ ಬಾರ್ಜಿನ್ಸ್ಕಿಯವರ ಮಾರ್ಗದರ್ಶನ ಪಡೆದು, 1894ರ ಡಿಸೆಂಬರ್ 8ರಂದು, ಅಮಲೋದ್ಭವಿ ಮಾತೆಯ ಹಬ್ಬದ ದಿನ, ಅವರು ಹೊಸ ಧಾರ್ಮಿಕ ಸಭೆಯೊಂದಕ್ಕೆ ನಾಂದಿ ಹಾಡಿದರು. ಜೋಸೆಫೀನ್ ಸಿಸ್ಟರ್ ಮರಿಯ ತೆರೇಸಾ ಆದರು, ರೊಜಾಲಿಯಾ ಸಿಸ್ಟರ್ ಅನ್ನಾ ಆದರು. ಸಭೆಗೆ ಧನ್ಯೆ ಕುನೆಗುಂಡಾ ಅವರ ಹೆಸರಿಟ್ಟರು.

ಈ ಕುನೆಗುಂಡಾ ಹದಿಮೂರನೆಯ ಶತಮಾನದ ಹಂಗೇರಿಯ ರಾಜಕುಮಾರಿ, ಪೋಲೆಂಡಿಗೆ ಸೊಸೆಯಾಗಿ ಬಂದವರು. ಗಂಡನ ಮರಣಾನಂತರ ಸಂತ ಕ್ಲಾರಾ ಸಭೆಯ ಮಠ ಸೇರಿ 1292ರಲ್ಲಿ ಕಣ್ಮುಚ್ಚಿದರು. ತವರಿನ ಉಪ್ಪಿನ ಗಣಿಯಲ್ಲಿ ಎಸೆದ ಉಂಗುರ ಪೋಲೆಂಡಿನ ವಿಯೆಲಿಚ್ಕಾದಲ್ಲಿ ಮೊದಲು ಅಗೆದ ಉಪ್ಪಿನ ಹೆಂಟೆಯೊಳಗೆ ಸಿಕ್ಕಿತೆಂಬ ಐತಿಹ್ಯ ಅವರದೇ. ಪರನಾಡಿಗೆ ಬಂದು ಆ ನಾಡಿನವರೇ ಆದ ಹೆಣ್ಣುಮಗಳ ಹೆಸರನ್ನು ವಲಸೆಗಾರ ಹೆಂಗಸರು ಆರಿಸಿಕೊಂಡದ್ದು ಉಚಿತವಾಗಿಯೇ ಇದೆ. ಜಗದ್ಗುರು ಎರಡನೆಯ ಜಾನ್ ಪೌಲರು 1999ರ ಜೂನ್ 16ರಂದು ಅವರನ್ನು ಸಂತ ಪದವಿಗೇರಿಸಿದರು.

ಕೈಯಲ್ಲಿ ಹಣವಿರಲಿಲ್ಲ. ಸಹೋದರಿಯರು ಹೊಲಿದರು, ಊರವರ ಬಟ್ಟೆ ಒಗೆದರು. ಚಿಕಾಗೋದ ಚಳಿಗಾಲದಲ್ಲಿ ಒದ್ದೆ ಬಟ್ಟೆ ಹಿಂಡುವುದೆಂದರೇನೆಂಬುದನ್ನು ಊಹಿಸಿಕೊಳ್ಳಬೇಕು. ಜೊತೆಗೂಡಿದವರಲ್ಲಿ ಕೆಲವರು ಈ ಕಷ್ಟ ತಾಳಲಾರದೆ ಹಿಂದಿರುಗಿದರು. ಉಳಿದವರ ದುಡಿಮೆ, ಸಾಲ ಮತ್ತು ಜನರ ಕಾಣಿಕೆಯಿಂದ ನಗರದ ಹೊರವಲಯವಾಗಿದ್ದ ಆವೊಂಡೇಲಿನಲ್ಲಿ ನಿವೇಶನ ಕೊಂಡು ಕಟ್ಟಡವೊಂದನ್ನು ಎಬ್ಬಿಸಿದರು. 1898ರಲ್ಲಿ ಅಲ್ಲಿ ವೃದ್ಧರಿಗೂ ಅಂಗವಿಕಲರಿಗೂ ಸಂತ ಜೋಸೆಫರ ಹೆಸರಿನ ಆಶ್ರಮ ಬಾಗಿಲು ತೆರೆಯಿತು. ಪೋಲಿಷ್ ಮುದುಕಿಯೊಬ್ಬಳು ತನ್ನ ಭಾಷೆಯಲ್ಲಿ ಮಾತನಾಡಿ, ತನ್ನ ಭಾಷೆಯಲ್ಲಿ ಜಪ ಹೇಳಿ ಸಾಯಬಹುದಾದ ಜಾಗ.

ಅದೇ ವರ್ಷ ಇನ್ನೊಂದು ಘಟನೆ ನಡೆಯಿತು. ಫಾದರ್ ಬಾರ್ಜಿನ್ಸ್ಕಿಯವರು ಮದರ್ ತೆರೇಸಾ ಅವರನ್ನು ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿ ಸಿಸ್ಟರ್ ಅನ್ನಾ ಅವರನ್ನು ನೇಮಿಸಿದರು. ತಾನು ಕಂಡ ಕನಸು, ತಾನು ತೆರೆದ ಮನೆ, ತನ್ನ ತಾಯಿಯ ಮುನಿಸನ್ನು ಹೊತ್ತು ನಡೆಸಿದ ಕಾರ್ಯ. ಅದರಲ್ಲಿ ಈಗ ಮೂವತ್ತೆಂಟರ ಹರೆಯದಲ್ಲಿ ಇತರರ ಅಪ್ಪಣೆ ಪಾಲಿಸುವ ಸಾಮಾನ್ಯ ಸಹೋದರಿ. ಅವರು ಸಭೆಯನ್ನು ಒಡೆಯಲಿಲ್ಲ, ಬಿಟ್ಟು ಹೋಗಲಿಲ್ಲ. ಹೊಲಿಗೆ, ತೋಟ, ದೇವಾಲಯದ ಒಪ್ಪ ಓರಣ, ಹೇಳಿದ ಕೆಲಸ ಮಾಡಿದರು. 1899ರಲ್ಲಿ ಅನಾಥ ಮಕ್ಕಳಿಗಾಗಿ ಸಂತ ವಿನ್ಸೆಂಟರ ಅನಾಥಾಲಯ ಆರಂಭವಾಯಿತು. ದುಡಿಯುವ ತಾಯಂದಿರ ಮಕ್ಕಳಿಗೆ ಹಗಲು ಆರೈಕೆಯ ಮನೆಗಳು, ಮುಂದೆ ಧರ್ಮಕೇಂದ್ರಗಳ ಶಾಲೆಗಳು ಸಭೆಯ ಕೈಗೆ ಬಂದವು. 1900ರ ಜೂನಿನಲ್ಲಿ ಮೊದಲ ವ್ರತಗಳನ್ನು ಸ್ವೀಕರಿಸಿದವರಲ್ಲಿ ಮದರ್ ತೆರೇಸಾ ಒಬ್ಬರು. ಮುಂದೆ ಸ್ವಲ್ಪ ಕಾಲ ಮತ್ತೆ ಮುಖ್ಯಸ್ಥೆಯ ಹೊಣೆ ಅವರಿಗೆ ಬಂದರೂ ಬಹುಪಾಲು ಬದುಕನ್ನು ಅವರು ಕಳೆದದ್ದು ಹಿಂದಿನ ಸಾಲಿನಲ್ಲೇ.

ಬರೆದಿಟ್ಟ ವೃತ್ತಾಂತ

1910ರಲ್ಲಿ, ತಮ್ಮ ಆಧ್ಯಾತ್ಮಿಕ ಮಾರ್ಗದರ್ಶಕರಾದ ಫಾದರ್ ಆಂಡ್ರ್ಯೂ ಸ್ಪೆಟ್ಸ್ ಅವರ ಮಾತಿನಂತೆ ಅವರು ಸಭೆಯ ಆರಂಭದ ದಿನಗಳನ್ನು ಪೋಲಿಷ್ ಭಾಷೆಯಲ್ಲಿ ಬರೆಯತೊಡಗಿದರು. ಈ ಮಾತನ್ನು ಒತ್ತಿ ಹೇಳಬೇಕು. ಆ ತಲೆಮಾರಿನ ವಲಸೆಗಾರ ಹೆಂಗಸರು ಲಕ್ಷಾಂತರ ಮಂದಿ. ಅವರು ದುಡಿದರು, ಹೆತ್ತರು, ಸಾಕಿದರು, ಸತ್ತರು. ತಮ್ಮ ಬಗ್ಗೆ ಬರೆದವರು ವಿರಳ. ಅವರ ಕಾಗದಗಳು ಉಳಿದರೆ ಪುಣ್ಯ. ಅಂಥ ಪೋಲಿಷ್ ಕಾಗದಗಳನ್ನು ಕೂಡಿಹಾಕಿ ಥಾಮಸ್ ಮತ್ತು ಜ್ನಾನಿಯೆಟ್ಸ್ಕಿ ಎಂಬ ವಿದ್ವಾಂಸರಿಬ್ಬರು 1918ರಿಂದ 1920ರವರೆಗೆ ಐದು ಸಂಪುಟಗಳ ಗ್ರಂಥ ಪ್ರಕಟಿಸಿದಾಗ ಸಮಾಜಶಾಸ್ತ್ರಕ್ಕೇ ಹೊಸ ದಾರಿ ತೆರೆಯಿತು. ಹೊಲಿಗೆಯ ಕೈಯಿಂದ ಬಂದ ಮದರ್ ತೆರೇಸಾ ಅವರ ವೃತ್ತಾಂತ ಒಂದು ಧಾರ್ಮಿಕ ಸಭೆಯ ದಾಖಲೆಯಾಗಿದ್ದರೂ, ತಾಯಿ, ಮನೆ, ಸಾಲ, ಮನಸ್ತಾಪ ಎಲ್ಲವೂ ಅದರೊಳಗೆ ಬರುವುದರಿಂದ ಒಂದು ವಲಸೆ ಕುಟುಂಬದ ಕಥೆಯೂ ಹೌದು.

ಕ್ಯಾನ್ಸರ್ ರೋಗದಿಂದ ನರಳಿ 1918ರ ಸೆಪ್ಟೆಂಬರ್ 20ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಏಳು ವಾರಗಳ ನಂತರ, ನವೆಂಬರ್ 11ರಂದು, ಪೋಲೆಂಡ್ ಸ್ವತಂತ್ರವಾಯಿತು. ಹುಟ್ಟಿದ ದಿನದಿಂದ ಸಾಯುವ ದಿನದವರೆಗೆ ಅವರಿಗೆ ಭೂಪಟದಲ್ಲಿ ಸ್ವದೇಶವಿರಲಿಲ್ಲ.

ನೈಲ್ಸ್‌ನ ಸಂತ ಅದಾಲ್ಬರ್ಟರ ಸ್ಮಶಾನದಲ್ಲಿದ್ದ ಅವರ ಪಾರ್ಥಿವ ಅವಶೇಷಗಳನ್ನು 1972ರಲ್ಲಿ ಚಿಕಾಗೋ ಸಮೀಪದ ಲೆಮಾಂಟಿನ ಮಾತೃಮಠದ ದೇವಾಲಯಕ್ಕೆ ತಂದಿಡಲಾಯಿತು. ಸಂತ ಪದವಿಯ ವಿಚಾರಣೆ ಆರಂಭವಾದದ್ದು 1979ರಲ್ಲಿ. ಆ ವರ್ಷದ ಅಕ್ಟೋಬರಿನಲ್ಲೇ ಪೋಲೆಂಡಿನ ಮಗನಾದ ಜಗದ್ಗುರು ಎರಡನೆಯ ಜಾನ್ ಪೌಲರು ಚಿಕಾಗೋಗೆ ಬಂದು ಅಲ್ಲಿನ ಪೋಲಿಷರಿಗಾಗಿ ಬಲಿಪೂಜೆ ಅರ್ಪಿಸಿದರು. 1994ರ ಮಾರ್ಚ್ 26ರಂದು ಅವರು ಮದರ್ ಮರಿಯ ತೆರೇಸಾ ದುಜಿಕ್ ಅವರ ಬದುಕಿನ ಸದ್ಗುಣಗಳನ್ನು ಅಂಗೀಕರಿಸಿ ‘ಪೂಜ್ಯೆ’ ಎಂದು ಘೋಷಿಸಿದರು. ‘ಧನ್ಯೆ’ಯಾಗಲು ಅವರ ಮಧ್ಯಸ್ಥಿಕೆಯಿಂದ ನಡೆದ ಒಂದು ಪವಾಡ ದೃಢಪಡಬೇಕಾಗುತ್ತದೆ. ಚಿಕಾಗೋದ ಫ್ರಾನ್ಸಿಸ್ಕನ್ ಸಹೋದರಿಯರು ಎಂಬ ಹೆಸರಿನಿಂದ ಈಗ ಕರೆಯಲಾಗುವ ಅವರ ಸಭೆ ವೃದ್ಧರ ಆರೈಕೆಯನ್ನು ತನ್ನ ಮುಖ್ಯ ಕಾರ್ಯವನ್ನಾಗಿ ಉಳಿಸಿಕೊಂಡಿದೆ.

ದುಜಿಕ್ ತಾಯಿ-ಮಗಳು ಬಲಿಪೂಜೆಗೆ ಹೋಗುತ್ತಿದ್ದ ಸಂತ ಸ್ಟಾನಿಸ್ಲಾವುಸ್ ದೇವಾಲಯ ಇನ್ನೂ ನಿಂತಿದೆ. ಕಳೆದ ಶತಮಾನದ ಐವತ್ತರ ದಶಕದಲ್ಲಿ ಹೊಸ ಹೆದ್ದಾರಿಯೊಂದು ಅದರ ಮೇಲೆಯೇ ಹಾದುಹೋಗಲಿತ್ತು. ಪೋಲಿಷರು ಪಟ್ಟು ಹಿಡಿದು ರಸ್ತೆಯ ದಿಕ್ಕನ್ನೇ ತಿರುಗಿಸಿದರು. ಇಂದು ಆ ಕಡೆ ಹೋಗುವವರಿಗೆ ವಾಹನಗಳ ಸಾಲು ದೇವಾಲಯದ ಗೋಡೆಯ ಪಕ್ಕಕ್ಕೇ ಬಾಗಿ ಸಾಗುವುದು ಕಾಣುತ್ತದೆ. ಒಳಗೆ ಪೋಲಿಷ್ ಪೂಜೆಯೊಂದಿಗೆ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಪೂಜೆಗಳೂ ನಡೆಯುತ್ತವೆ. ದಕ್ಷಿಣದ ಗಡಿ ದಾಟಿ ಬಂದ ಕುಟುಂಬಗಳ ಮಕ್ಕಳ ಹೆಸರುಗಳು ಆ ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕದಲ್ಲಿ ಸೇರುತ್ತಿವೆ.